ಗಿಟಾರ್ ಕೆಳಗಿಟ್ಟ ಮಕ್ಕಳು ಮತ್ತು ನಮ್ಮ ಮೌನ

ಶ್ರೀನಗರದ ಮೂವರು ಹುಡುಗಿಯರು. ಹತ್ತನೆಯ ತರಗತಿಯಲ್ಲಿ ಓದುತ್ತಿದ್ದವರು. ಒಬ್ಬಳು ಹಾಡುತ್ತ ಗಿಟಾರ್ ನುಡಿಸುವವಳು, ಇನ್ನೊಬ್ಬಳು ಬಾಸ್ ಗಿಟಾರಿನವಳು, ಮತ್ತೊಬ್ಬಳು ಡ್ರಮ್ಸ್ ಬಾರಿಸುವವಳು. ಅಮೆರಿಕದಲ್ಲಿ 1960ರ ದಶಕದಲ್ಲಿ ಹದಿಹರೆಯದ ಹುಡುಗರು ಕಾರು ನಿಲ್ಲಿಸುವ ಶೆಡ್ಡಿನಲ್ಲಿ ಕೂತು ಎರಡು ಮೂರು ವಾದ್ಯ ಇಟ್ಟುಕೊಂಡು ತಮ್ಮಷ್ಟಕ್ಕೆ ಕಲಿತು ಕಟ್ಟಿದ ಸಂಗೀತಕ್ಕೆ 'ಗರಾಜ್ ರಾಕ್' ಎಂಬ ಹೆಸರು ಬಂತು. ಅರ್ಧ ಶತಮಾನದ ನಂತರ ಅಂಥದೇ ಒಂದು ಪುಟ್ಟ ತಂಡವನ್ನು ಈ ಮಕ್ಕಳು ಕಟ್ಟಿಕೊಂಡರು. ಹೆಸರು 'ಪ್ರಗಾಶ್'. ಕಾಶ್ಮೀರಿ ಭಾಷೆಯಲ್ಲಿ ಹಾಗೆಂದರೆ ಬೆಳಕು. 2012ರ ಡಿಸೆಂಬರಿನಲ್ಲಿ ಶ್ರೀನಗರದಲ್ಲಿ ನಡೆದ 'ಬ್ಯಾಟಲ್ ಆಫ್ ದಿ ಬ್ಯಾಂಡ್ಸ್' ಸ್ಪರ್ಧೆಯಲ್ಲಿ ಹುಡುಗರ ತಂಡಗಳ ನಡುವೆ ಇವರು ವೇದಿಕೆ ಹತ್ತಿದರು, ಉತ್ತಮ ಪ್ರದರ್ಶನದ ಬಹುಮಾನವನ್ನೂ ಪಡೆದರು.

ಕಥೆ ಅಷ್ಟಕ್ಕೇ ನಿಂತಿದ್ದರೆ ಅದು ಯಾವುದೋ ಶಾಲಾ ಮಕ್ಕಳ ಬಹುಮಾನದ ಸುದ್ದಿಯಾಗಿ ಮರೆತುಹೋಗುತ್ತಿತ್ತು. ಹಾಗಾಗಲಿಲ್ಲ. ಜನವರಿ ಮುಗಿಯುವ ಹೊತ್ತಿಗೆ ಫೇಸ್‌ಬುಕ್ಕಿನಲ್ಲಿ ಈ ಮಕ್ಕಳ ಮೇಲೆ ಬೈಗುಳದ ಮಳೆ ಸುರಿಯತೊಡಗಿತು. ಬರೆದವರು ಅಪ್ಪ ಅಮ್ಮಂದಿರನ್ನು ಬಿಡಲಿಲ್ಲ, ನಡತೆಯನ್ನು ಬಿಡಲಿಲ್ಲ, ಅತ್ಯಾಚಾರದ ಬೆದರಿಕೆ ಹಾಕುವುದಕ್ಕೂ ಹೇಸಲಿಲ್ಲ. 2013ರ ಫೆಬ್ರವರಿ ಮೊದಲ ವಾರದಲ್ಲಿ ಆಗಿನ ಮುಖ್ಯಮಂತ್ರಿ ಉಮರ್ ಅಬ್ದುಲ್ಲಾ ಮಕ್ಕಳ ಪರವಾಗಿ ಟ್ವೀಟ್ ಮಾಡಿದರು. ಅದರ ಬೆನ್ನಿಗೇ ಕಾಶ್ಮೀರದ ಮುಫ್ತಿ ಆಜಂ ಬಶೀರುದ್ದೀನ್ ಅಹಮದ್ ಅವರು ಹಾಡುವುದು ಇಸ್ಲಾಮಿಗೆ ಹೊಂದುವಂಥದ್ದಲ್ಲ, ಹುಡುಗಿಯರು ಇದನ್ನು ಬಿಡಬೇಕು ಎಂದರು. ಒಂದೆರಡು ದಿನಗಳಲ್ಲೇ ತಂಡ ಮುಚ್ಚಿತು. ಮುಫ್ತಿಯವರ ಮಾತಿಗೆ ಗೌರವ ಕೊಡುತ್ತೇವೆ, ಜನರಿಗೆ ಬೇಡವೆಂದ ಮೇಲೆ ನಮಗೂ ಬೇಡ ಎಂಬರ್ಥದ ಮಾತನ್ನು ಆ ಮಕ್ಕಳಿಂದಲೇ ಟಿವಿ ವಾಹಿನಿಗಳು ಹೇಳಿಸಿದವು. ಕಾಶ್ಮೀರದ ಇತರ ಕಲಾವಿದರು ಹಾಡುತ್ತಲೇ ಇದ್ದಾರಲ್ಲ, ಅವರಿಗಿಲ್ಲದ ಫತ್ವಾ ನಮಗೇಕೆ ಎಂಬ ಪ್ರಶ್ನೆಯನ್ನೂ ಅವರಲ್ಲೊಬ್ಬಳು ಎತ್ತಿದ್ದಳು. ಆ ಪ್ರಶ್ನೆಗೆ ಮಾತ್ರ ಯಾರೂ ಉತ್ತರ ಕೊಡಲಿಲ್ಲ.

ದಶಕಕ್ಕೂ ಹಿಂದಿನ ಈ ಪ್ರಸಂಗವನ್ನು ಈಗ ಯಾಕೆ ಕೆದಕುತ್ತೀರಿ ಎಂದು ಓದುಗ ಮಿತ್ರರು ಕೇಳಬಹುದು. ಆ ಪ್ರಶ್ನೆಗೆ ಉತ್ತರ ಕೊಡುವ ಸರದಿ ನಮ್ಮದೂ ಆಗಿತ್ತು, ನಾವು ಕೊಡಲಿಲ್ಲ. ಕೊಡದೆ ಉಳಿಸಿಕೊಂಡ ಉತ್ತರ ಬಡ್ಡಿ ಸಮೇತ ನಮ್ಮ ಮನೆ ಬಾಗಿಲಿಗೇ ಬಂದು ನಿಂತಿದೆ.

ಮೊದಲು ಸಂಗೀತದ ಮಾತನ್ನೇ ಎತ್ತಿಕೊಳ್ಳೋಣ. ಇಸ್ಲಾಮಿನಲ್ಲಿ ಸಂಗೀತ ನಿಷಿದ್ಧ ಎನ್ನುವ ಉಲೇಮಾಗಳು ಸುಳ್ಳು ಹೇಳುತ್ತಿದ್ದಾರೆ ಎಂದು ನಾವು ವಾದಿಸುವುದಿಲ್ಲ. ನಾಲ್ಕೂ ಮದ್‌ಹಬ್‌ಗಳ ಬಹುಪಾಲು ವಿದ್ವಾಂಸರು ದಫ್ ಬಿಟ್ಟು ಉಳಿದ ಹೆಚ್ಚಿನ ವಾದ್ಯಗಳನ್ನು, ಅದರಲ್ಲೂ ತಂತಿವಾದ್ಯಗಳನ್ನು ಒಪ್ಪಿಲ್ಲ. ಅದಕ್ಕೆ ಅವರ ಬಳಿ ಹದೀಸ್‌ಗಳ ಆಧಾರವಿದೆ. ಆದರೆ ಇನ್ನೊಂದು ಪರಂಪರೆಯೂ ಅಷ್ಟೇ ಹಳೆಯದು. ಹನ್ನೊಂದನೆಯ ಶತಮಾನದ ಅಂದಲುಸಿನ ಇಬ್ನ್ ಹಝ್ಮ್, ಸಂಗೀತವನ್ನು ನಿಷೇಧಿಸುವ ವರದಿಗಳು ಪ್ರಮಾಣಕ್ಕೆ ನಿಲ್ಲುವುದಿಲ್ಲ ಎಂದು ಬರೆದವರು. ಇಮಾಮ್ ಗಝ್ಝಾಲಿಯವರು ತಮ್ಮ 'ಇಹ್ಯಾ'ದಲ್ಲಿ ಸಮಾದ ಬಗ್ಗೆ ಒಂದು ಭಾಗವನ್ನೇ ಮೀಸಲಿಟ್ಟು, ಯಾವ ಹಾಡು ಸರಿ, ಯಾವುದು ಸರಿಯಲ್ಲ ಎಂದು ಬಿಡಿಸಿ ನೋಡಿದ್ದಾರೆ. ನಮ್ಮ ಕಾಲದ ಯೂಸುಫ್ ಅಲ್ ಖರ್ದಾವಿಯವರು ಕೂಡ ಕೆಲವು ಷರತ್ತುಗಳೊಂದಿಗೆ ಹಾಡನ್ನು ಒಪ್ಪಿದ್ದರು. ಚಿಶ್ತಿ ಸೂಫಿಗಳ ಮಾತಂತೂ ಹೇಳುವುದೇ ಬೇಡ.

ಬುಖಾರಿ, ಮುಸ್ಲಿಂ ಎರಡೂ ಸಂಗ್ರಹಗಳಲ್ಲಿ ಬರುವ ಒಂದು ಪ್ರಸಂಗ ಎಲ್ಲರಿಗೂ ಗೊತ್ತಿರುವಂಥದ್ದು. ಈದ್ ದಿನ ಹಜ್ರತ್ ಆಯಿಶಾರ ಮನೆಯಲ್ಲಿ ಇಬ್ಬರು ಹುಡುಗಿಯರು ಹಾಡುತ್ತಿದ್ದರು. ಪ್ರವಾದಿಯವರು (ಸ) ಅಲ್ಲೇ ಮಲಗಿದ್ದರು. ಒಳಗೆ ಬಂದ ಹಜ್ರತ್ ಅಬೂಬಕರ್ ಗದರಿಸಿದರು. ಪ್ರವಾದಿಯವರು ತಡೆದದ್ದು ಹಾಡನ್ನಲ್ಲ, ಗದರುವಿಕೆಯನ್ನು. ಇವತ್ತು ಹಬ್ಬ, ಅವರ ಪಾಡಿಗೆ ಬಿಡಿ ಎಂದರು. ಸಂಗೀತವನ್ನು ಒಪ್ಪದವರು ಇದಕ್ಕೆ ಕೊಡುವ ಉತ್ತರವೂ ನಮಗೆ ಗೊತ್ತು: ಅವರು ವೃತ್ತಿಯ ಗಾಯಕಿಯರಲ್ಲ, ಮಕ್ಕಳು. ಒಪ್ಪೋಣ. ಹಾಗಾದರೆ ಶ್ರೀನಗರದ ಆ ಮೂವರು ಯಾರು? ವೃತ್ತಿಯವರೇ? ಶಾಲೆಯ ಚೀಲ ಬೆನ್ನಿಗೆ ಹಾಕಿಕೊಂಡು ಹೋಗುವ ಮಕ್ಕಳಲ್ಲವೇ?

ಅಂದರೆ ಗಿಟಾರಿನ ಬಗ್ಗೆ ನಮ್ಮಲ್ಲಿ ಎರಡು ಅಭಿಪ್ರಾಯಗಳಿವೆ. ಸಾವಿರ ವರ್ಷಗಳಿಂದ ಇವೆ, ಮುಂದೆಯೂ ಇರುತ್ತವೆ. ಬೇಡವೆನ್ನುವವರು ನುಡಿಸದಿರಲಿ, ಕೇಳದಿರಲಿ, ತಮ್ಮ ಮಕ್ಕಳಿಗೆ ಅದನ್ನೇ ಕಲಿಸಲಿ. ಆ ಹಕ್ಕು ಅವರಿಗಿದೆ.

ಆದರೆ ಬೈಗುಳದ ಬಗ್ಗೆ? ಹೆಣ್ಣುಮಗಳೊಬ್ಬಳ ನಡತೆಯ ಮೇಲೆ ಕೆಸರೆರಚುವುದರ ಬಗ್ಗೆ? ಅಲ್ಲಿ ಎರಡು ಅಭಿಪ್ರಾಯಗಳಿಲ್ಲ. ಕುರ್‌ಆನಿನ ಅನ್ನೂರ್ ಅಧ್ಯಾಯ ಈ ವಿಷಯದಲ್ಲಿ ಎಷ್ಟು ಕಠಿಣವಾಗಿದೆಯೆಂದರೆ, ಶೀಲವಂತ ಸ್ತ್ರೀಯ ಮೇಲೆ ಆರೋಪ ಹೊರಿಸಿ ನಾಲ್ವರು ಸಾಕ್ಷಿಗಳನ್ನು ತರದವನಿಗೆ 80 ಛಡಿಯೇಟಿನ ಶಿಕ್ಷೆ. ಆಮೇಲೆ ಅವನ ಸಾಕ್ಷ್ಯವನ್ನು ಯಾರೂ ಸ್ವೀಕರಿಸಬಾರದು. ಹಜ್ರತ್ ಆಯಿಶಾರ ಮೇಲೆಯೇ ಮದೀನಾದ ಕೆಲವು ನಾಲಿಗೆಗಳು ಅಪವಾದ ಹೊರಿಸಿದಾಗ, ಅದನ್ನು ಕೇಳಿದ ಕೂಡಲೇ ಇದು ಸುಳ್ಳೆಂದು ಯಾಕೆ ಹೇಳಲಿಲ್ಲ ಎಂದು ಇದೇ ಅಧ್ಯಾಯ ವಿಶ್ವಾಸಿಗಳನ್ನು ತರಾಟೆಗೆ ತೆಗೆದುಕೊಳ್ಳುತ್ತದೆ. ಅಂದರೆ ಆರೋಪ ಹೊರಿಸಿದವರು ಮಾತ್ರವಲ್ಲ, ಕೇಳಿಯೂ ಸುಮ್ಮನಿದ್ದವರು ಕೂಡ ಅಲ್ಲಿ ಕಟಕಟೆಯಲ್ಲಿದ್ದಾರೆ. ನೂರ್ ಎಂದರೂ ಬೆಳಕೇ.

ನಮ್ಮ ತಕರಾರು ಇಲ್ಲಿದೆ. ಎರಡು ಅಭಿಪ್ರಾಯವಿರುವ ವಿಷಯದಲ್ಲಿ ಗಟ್ಟಿ ದನಿ ಬಂತು. ಒಂದೇ ಅಭಿಪ್ರಾಯವಿರುವ ವಿಷಯದಲ್ಲಿ ಆ ದನಿ ಬರಲಿಲ್ಲ. ಹದಿನಾರರ ಆಸುಪಾಸಿನ ಮಕ್ಕಳಿಗೆ ಅತ್ಯಾಚಾರದ ಬೆದರಿಕೆ ಹಾಕಿದ ಗಂಡಸರು ಎದುರಿಗೇ ಇರುವಾಗ, ಧಾರ್ಮಿಕ ಅಧಿಕಾರದ ತೂಕವೆಲ್ಲ ಹೋಗಿ ಬಿದ್ದದ್ದು ಆ ಮಕ್ಕಳ ಹೆಗಲ ಮೇಲೆ. ಯಾರನ್ನು ತಿದ್ದಬೇಕಿತ್ತೋ ಅವರು ತಾವೇ ಗೆದ್ದೆವೆಂದು ಮನೆಗೆ ಹೋದರು. ನಾಳೆ ಇನ್ನೊಬ್ಬಳನ್ನು ಬೈಯಲು ಅವರಿಗೆ ಧೈರ್ಯ ಬಂದದ್ದು ಎಲ್ಲಿಂದ ಎಂದು ಬೇರೆ ಹೇಳಬೇಕೇ?

ನಸೀಹತ್‌ಗೂ ಒಂದು ಅದಬು ಇದೆ. ತಪ್ಪು ಕಂಡರೆ ಏಕಾಂತದಲ್ಲಿ, ಮೃದುವಾಗಿ ಹೇಳಬೇಕೆಂದು ಮದರಸದಲ್ಲಿ ನಮಗೆಲ್ಲ ಕಲಿಸಿದ್ದಾರೆ. ಮಕ್ಕಳ ಹೆತ್ತವರನ್ನು ಕರೆಸಿ ಮಾತಾಡಿಸಬಹುದಿತ್ತು. ಅದನ್ನು ಬಿಟ್ಟು ಟಿವಿ ಕ್ಯಾಮರಾಗಳ ಮುಂದೆ, ಬೆದರಿಕೆಯ ಬೆಂಕಿ ಉರಿಯುತ್ತಿರುವಾಗಲೇ ಹೇಳಿದ ಮಾತು ನಸೀಹತ್ ಆಗುವುದಿಲ್ಲ. ಅದು ಬೆಂಕಿಗೆ ಸೌದೆಯಾಗುತ್ತದೆ. ಅಂದಹಾಗೆ, ಫತ್ವಾ ಎಂದರೆ ಒಬ್ಬ ವಿದ್ವಾಂಸರ ಅಭಿಪ್ರಾಯ. ಅದಕ್ಕೆ ಕಾನೂನಿನ ಬಲವಿಲ್ಲ, ಅದನ್ನು ಯಾರ ಮೇಲೂ ಹೇರುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2014ರ ಜುಲೈಯಲ್ಲಿ ಸ್ಪಷ್ಟಪಡಿಸಿತು. ಕಾನೂನಿನ ಬಲವಿಲ್ಲದ ಮಾತಿಗೆ ಅಷ್ಟು ಬಲ ಬಂದದ್ದು ನಮ್ಮೆಲ್ಲರ ಮೌನದಿಂದ.

ಇನ್ನು ಆ ಹುಡುಗಿಯ ಪ್ರಶ್ನೆಗೆ ಬರೋಣ. ಬೇರೆಯವರಿಗಿಲ್ಲದ ಫತ್ವಾ ನಮಗೇಕೆ? ಕಾಶ್ಮೀರಕ್ಕೆ ಹೆಣ್ಣಿನ ದನಿ ಹೊಸದಲ್ಲ. ಹದಿನಾರನೆಯ ಶತಮಾನದ ಹಬ್ಬಾ ಖಾತೂನಳ ಹಾಡುಗಳನ್ನು ಕಾಶ್ಮೀರಿಗಳು ಇಂದಿಗೂ ಮನೆಮನೆಯಲ್ಲಿ ಹಾಡುತ್ತಾರೆ. ಮದುವೆಯಲ್ಲಿ ಹೆಂಗಸರು 'ವನವುನ್' ಹಾಡದಿದ್ದರೆ ಅದು ಮದುವೆಯೇ ಅಲ್ಲ. ಈದ್ ಬಂದರೆ ಹೆಣ್ಣುಮಕ್ಕಳು ಎದುರುಬದುರು ಸಾಲಾಗಿ ನಿಂತು 'ರೌಫ್' ಹಾಡಿ ಕುಣಿಯುತ್ತಾರೆ. 1950ರ ದಶಕದಿಂದ ರೇಡಿಯೋ ಕಾಶ್ಮೀರದಲ್ಲಿ ಹಾಡಿದ ರಾಜ್ ಬೇಗಂ ಅವರಿಗೆ 2002ರಲ್ಲಿ ಪದ್ಮಶ್ರೀ ಬಂತು. 2016ರಲ್ಲಿ ಅವರು ತೀರಿಕೊಂಡಾಗ ಇಡೀ ಕಣಿವೆ ಅವರನ್ನು ತನ್ನ ದನಿ ಎಂದು ನೆನೆಯಿತು. ರಾಕ್ ಸಂಗೀತವೂ ಹೊಸದಲ್ಲ. 2008ರ ಮೇ ತಿಂಗಳಲ್ಲಿ ಪಾಕಿಸ್ತಾನದ 'ಜುನೂನ್' ತಂಡ ದಾಲ್ ಸರೋವರದ ದಂಡೆಯಲ್ಲಿ ಗಿಟಾರ್ ಹಿಡಿದೇ ಹಾಡಿತ್ತು. ಅದಕ್ಕೆ ಉಗ್ರಗಾಮಿಗಳ ವಿರೋಧವಿತ್ತು, ಆದರೂ ಸಾವಿರಾರು ಜನ ಹೋಗಿ ಕೇಳಿದರು. 'ಪ್ರಗಾಶ್' ಹಾಡಿದ ಸ್ಪರ್ಧೆಯಲ್ಲಿದ್ದ ಹುಡುಗರ ತಂಡಗಳನ್ನು ಮುಚ್ಚಿಸಲು ಇಂಥ ಗದ್ದಲವೇನೂ ಏಳಲಿಲ್ಲ.

ಗಿಟಾರು ಹರಾಮಾದರೆ ಹುಡುಗನ ಕೈಯಲ್ಲೂ ಹರಾಮೇ. ಶರೀಅತ್‌ನಲ್ಲಿ ಹುಡುಗರಿಗೆ ಬೇರೆ ತಂತಿ, ಹುಡುಗಿಯರಿಗೆ ಬೇರೆ ತಂತಿ ಇಲ್ಲ. ಹಾಗಿದ್ದ ಮೇಲೆ ಇಲ್ಲಿ ನೋವಾದದ್ದು ಧರ್ಮಕ್ಕಲ್ಲ, ಗಂಡಸುತನಕ್ಕೆ. ಮದುವೆ ಮನೆಯ ಒಳಕೋಣೆಯಲ್ಲಿ ಹಾಡಿದರೆ ಸಂಪ್ರದಾಯ, ವೇದಿಕೆ ಹತ್ತಿ ಹುಡುಗರೊಂದಿಗೆ ಸ್ಪರ್ಧಿಸಿ ಬಹುಮಾನ ಪಡೆದರೆ ಅಧರ್ಮ. ಇದು ಶರೀಅತ್ ಅಲ್ಲ, ಪುರುಷಾಧಿಕಾರ.

ನಮ್ಮ ನಾಡಿನವರು ಇದನ್ನು ಕಾಶ್ಮೀರದ ಕಾಯಿಲೆ ಎಂದು ತಳ್ಳಿಹಾಕುವಂತಿಲ್ಲ. ಸೌಹಾರ್ದ ಸಭೆಗಳಲ್ಲಿ ನಾವು ಎದೆಯುಬ್ಬಿಸಿ ಹೇಳುತ್ತೇವೆ: ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನ್ ನಮ್ಮವರು, ಅವರ ಶಿಷ್ಯ ಕುಂದಗೋಳದ ಸವಾಯಿ ಗಂಧರ್ವರು, ಸವಾಯಿ ಗಂಧರ್ವರ ಶಿಷ್ಯರೇ ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿ. ಶಿಶುನಾಳದ ಶರೀಫರ ಹೆಸರನ್ನೂ ಮರೆಯದೆ ಹೇಳುತ್ತೇವೆ. ಎಲ್ಲ ನಿಜ. ಆದರೆ ಸಭೆ ಮುಗಿಸಿ ಮನೆಗೆ ಬಂದಾಗ ಮಗಳು ಸಂಗೀತದ ತರಗತಿಗೆ ಸೇರುತ್ತೇನೆ ಎಂದರೆ ನಮ್ಮಲ್ಲಿ ಎಷ್ಟು ಮಂದಿ ಹೂಂ ಎನ್ನುತ್ತೇವೆ? ಸತ್ತ ಉಸ್ತಾದರು ಸಮುದಾಯದ ಹೆಮ್ಮೆ. ಹಾಡಬೇಕೆನ್ನುವ ಜೀವಂತ ಮಗಳು ಸಮುದಾಯದ ಅವಮಾನ!

ಇದು ಊಹೆಯ ಮಾತಲ್ಲ. 2017ರ ಮಾರ್ಚಿನಲ್ಲಿ ಶಿವಮೊಗ್ಗ ಜಿಲ್ಲೆಯ ಯುವತಿಯೊಬ್ಬಳು ಹಿಜಾಬ್ ಧರಿಸಿಯೇ ಕನ್ನಡ ವಾಹಿನಿಯೊಂದರ ಸ್ಪರ್ಧೆಯಲ್ಲಿ ಭಕ್ತಿಗೀತೆ ಹಾಡಿದಳು. ಮುಸ್ಲಿಮರ ಹೆಸರಿಟ್ಟುಕೊಂಡ ಫೇಸ್‌ಬುಕ್ ಪುಟವೊಂದು ಆಕೆಯನ್ನೂ ಆಕೆಯ ಹೆತ್ತವರನ್ನೂ ಹೀನಾಯವಾಗಿ ಹಳಿಯಿತು. ಶ್ರೀನಗರದ ಪಾಠ ನಾಲ್ಕೇ ವರ್ಷದಲ್ಲಿ ಮಲೆನಾಡಿಗೆ ಬಂದಿತ್ತು. ಆ ಯುವತಿ ಹಾಡು ನಿಲ್ಲಿಸಲಿಲ್ಲ, ಅದು ಆಕೆಯ ಗಟ್ಟಿತನ. ಅದಕ್ಕಾಗಿ ಸಮುದಾಯವಾಗಿ ನಾವು ಬೆನ್ನು ತಟ್ಟಿಕೊಳ್ಳುವಂಥದ್ದೇನೂ ಇಲ್ಲ.

ಈಗ ಇನ್ನೊಂದು ಕಡೆಗೆ ತಿರುಗಬೇಕು. ಇಷ್ಟು ಓದಿ ಒಳಗೊಳಗೇ ಖುಷಿಪಡುತ್ತಿರುವವರೂ ಇರಬಹುದು. ನೋಡಿ, ಅವರದ್ದೇ ಪತ್ರಿಕೆ ಅವರನ್ನೇ ಬೈಯುತ್ತಿದೆ ಎನ್ನುವವರು. ಅವರೂ ಸ್ವಲ್ಪ ಕೇಳಿಸಿಕೊಳ್ಳಲಿ.

2013ರ ಫೆಬ್ರವರಿಯ ಆ ವಾರ ದೆಹಲಿಯ ವಾಹಿನಿಗಳಿಗೆ ಕಾಶ್ಮೀರದ ಮೂವರು ಮಕ್ಕಳ ಬಗ್ಗೆ ಎಲ್ಲಿಲ್ಲದ ಅಕ್ಕರೆ ಉಕ್ಕಿತು. ಚರ್ಚೆಯ ಮೇಲೆ ಚರ್ಚೆ. ಆ ಮಕ್ಕಳ ದನಿಗೆ ಇಡೀ ದೇಶ ಕಾವಲು ನಿಂತಿತು. ಸರಿಯಾಗಿ ಅದೇ ವಾರದ ಕೊನೆಗೆ, ಫೆಬ್ರವರಿ 9ರಂದು, ಅಫ್ಜಲ್ ಗುರುವನ್ನು ತಿಹಾರ್ ಜೈಲಿನಲ್ಲಿ ಗಲ್ಲಿಗೇರಿಸಲಾಯಿತು. ಕಣಿವೆಯಲ್ಲಿ ಕರ್ಫ್ಯೂ ಬಿತ್ತು. ಮೊಬೈಲ್ ಇಂಟರ್ನೆಟ್ ನಿಂತಿತು, ಕೇಬಲ್ ಸುದ್ದಿವಾಹಿನಿಗಳು ನಿಂತವು, ಸ್ಥಳೀಯ ಪತ್ರಿಕೆಗಳು ಕೆಲವು ದಿನ ಓದುಗರ ಕೈಗೆ ತಲುಪಲಿಲ್ಲ. ಮೂವರ ದನಿಗಾಗಿ ಕೂಗಿದವರಲ್ಲಿ ಎಷ್ಟು ಮಂದಿ ಇಡೀ ಕಣಿವೆಯ ಬಾಯಿ ಕಟ್ಟಿದ್ದನ್ನು ಪ್ರಶ್ನಿಸಿದರು? ಆ ಮಕ್ಕಳ ಹೆಸರು ಪರದೆಯಿಂದ ರಾತ್ರೋರಾತ್ರಿ ಮಾಯವಾಯಿತು. ಅವರು ಬೇಕಾಗಿದ್ದದ್ದು ಮಕ್ಕಳಾಗಿ ಅಲ್ಲ, ಬಡಿಯಲು ಸಿಕ್ಕ ಬಡಿಗೆಯಾಗಿ.

ಸರಕಾರದ ಸಂಗೀತಪ್ರೇಮವೂ ಇಷ್ಟೇ. 2010ರ ಬೇಸಿಗೆಯಲ್ಲಿ ಕಣಿವೆಯ ಬೀದಿಗಳಲ್ಲಿ ನೂರಕ್ಕೂ ಹೆಚ್ಚು ಜನ, ಬಹುಪಾಲು ಹುಡುಗರು, ಗುಂಡಿಗೆ ಬಲಿಯಾದಾಗ ಎಂಸಿ ಕಾಶ್ ಎಂಬ ಯುವ ರ‍್ಯಾಪ್ ಗಾಯಕ ಅದರ ವಿರುದ್ಧ ಹಾಡಿದ. ಆತ ಹಾಡು ಮುದ್ರಿಸಿದ ಸ್ಟುಡಿಯೋಗೆ ಪೊಲೀಸರು ದಾಳಿಯಿಟ್ಟರು. ಆಗಲೂ ಮುಖ್ಯಮಂತ್ರಿ ಅದೇ ಉಮರ್ ಅಬ್ದುಲ್ಲಾ. 2013ರ ಸೆಪ್ಟೆಂಬರ್ 7ರಂದು ಶಾಲಿಮಾರ್ ಬಾಗಿನಲ್ಲಿ ಜುಬಿನ್ ಮೆಹ್ತಾ ಅವರ ವಾದ್ಯಗೋಷ್ಠಿ ನಡೆಯಿತು. ಬಿಗಿ ಕಾವಲು, ಆಹ್ವಾನಿತರಿಗೆ ಮಾತ್ರ ಪ್ರವೇಶ. ಪಟ್ಟಣದ ಮಕ್ಕಳು ಗಿಟಾರ್ ಹಿಡಿಯಲು ಹೆದರುವ ಊರಿನಲ್ಲಿ ಬಂದೂಕಿನ ನೆರಳಿನಲ್ಲಿ ಬೀಥೋವನ್! ಮಕ್ಕಳನ್ನು ಬೆದರಿಸಿದವರ ಮೇಲೆ ಪೊಲೀಸರು ಹಾಕಿದ ಮೊಕದ್ದಮೆಯಲ್ಲಿ ಐಟಿ ಕಾಯ್ದೆಯ 66ಎ ಕಲಮು ಇತ್ತು. ಅದಕ್ಕೆ ಮೂರೇ ತಿಂಗಳ ಹಿಂದೆ ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ, ಬಾಳ ಠಾಕ್ರೆ ನಿಧನದ ಬಂದ್ ಬಗ್ಗೆ ಫೇಸ್‌ಬುಕ್ಕಿನಲ್ಲಿ ಬರೆದದ್ದಕ್ಕಾಗಿ ಇಬ್ಬರು ಯುವತಿಯರನ್ನು ಬಂಧಿಸಲು ಬಳಕೆಯಾದ ಕಲಮೂ ಅದೇ. 2015ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಮಾಡಿತು. ಹುಡುಗಿಯರನ್ನು ಕಾಯುವ ಕೋಲೂ ಅದೇ, ಹುಡುಗಿಯರನ್ನು ಬಡಿಯುವ ಕೋಲೂ ಅದೇ!

2017ರ ಮಾರ್ಚಿನಲ್ಲೇ ಅಸ್ಸಾಮಿನಲ್ಲಿ ಇನ್ನೊಂದು ನಾಟಕ ನಡೆಯಿತು. ಅಲ್ಲಿನ ಸಂಗೀತ ಸಂಜೆಯೊಂದನ್ನು ವಿರೋಧಿಸಿ 46 ಮಂದಿಯ ಹೆಸರಿದ್ದ ಕರಪತ್ರ ಹೊರಬಂತು. ಅದನ್ನು ವಾಹಿನಿಗಳು ಹಾಡುವ ಹುಡುಗಿಯೊಬ್ಬಳ ಮೇಲೆ ಹೊರಡಿಸಿದ ಫತ್ವಾ ಎಂದೇ ದೇಶಕ್ಕೆಲ್ಲ ಸಾರಿದವು. ಆ ಕರಪತ್ರವನ್ನು ನಾವು ಸಮರ್ಥಿಸುವುದಿಲ್ಲ. ಆದರೆ ಕರಪತ್ರವನ್ನು ಫತ್ವಾ ಮಾಡಿದ ಅವಸರದಲ್ಲಿ ಹೆಣ್ಣಿನ ಮೇಲಿನ ಕಾಳಜಿಗಿಂತ ನಮ್ಮ ಮೇಲಿನ ಹಳೆಯ ಹಸಿವೇ ಹೆಚ್ಚಾಗಿ ಕಾಣುತ್ತದೆ.

ಆದರೂ ನಾವು ಇಲ್ಲಿಗೇ ನಿಲ್ಲಿಸಿದರೆ ದೊಡ್ಡ ಮೋಸವಾಗುತ್ತದೆ. ನಮ್ಮಲ್ಲಿ ಅನೇಕರು ಅಂದು ಮಾಡಿದ್ದೂ ಇದನ್ನೇ. ಮಾಧ್ಯಮಗಳ ಕಪಟವನ್ನು ತೋರಿಸಿ ನಮ್ಮ ಹೊಣೆಯಿಂದ ನುಣುಚಿಕೊಂಡೆವು. ಈಗ ಮಾತಾಡಿದರೆ ಕೋಮುವಾದಿಗಳಿಗೆ ಅಸ್ತ್ರ ಕೊಟ್ಟಂತಾಗುತ್ತದೆ ಎಂಬುದು ನಮ್ಮ ಹಳೆಯ ನೆಪ. ಅಸ್ತ್ರ ಅವರಿಗೆ ಸಿಕ್ಕಿದ್ದು ನಮ್ಮ ಮಾತಿನಿಂದಲ್ಲ, ನಮ್ಮ ಮೌನದಿಂದ. ಅಂದು ಕಣಿವೆಯ ಹೊರಗಿನ ಮುಸ್ಲಿಂ ಸಂಘಟನೆಗಳೆಲ್ಲ ಒಟ್ಟಾಗಿ ಎದ್ದು, ಈ ಮಕ್ಕಳು ನಮ್ಮವರು, ಇವರನ್ನು ಬೆದರಿಸುವವನು ನಮ್ಮವನಲ್ಲ ಎಂದಿದ್ದರೆ, ಆ ವಾಹಿನಿಗಳಿಗೆ ಚರ್ಚೆಗೆ ವಸ್ತುವೇ ಇರುತ್ತಿರಲಿಲ್ಲ.

ಕರಾವಳಿಯವರಿಗೆ ಈ ನೋವು ಚೆನ್ನಾಗಿ ಗೊತ್ತು. 2009ರ ಜನವರಿಯಲ್ಲಿ ಮಂಗಳೂರಿನ ಪಬ್‌ಗೆ ನುಗ್ಗಿ ಹುಡುಗಿಯರನ್ನು ಅಟ್ಟಾಡಿಸಿ ಹೊಡೆದಾಗ, 2012ರ ಜುಲೈಯಲ್ಲಿ ಅದೇ ಊರಿನ ಹೋಂಸ್ಟೇಯಲ್ಲಿ ಹುಟ್ಟುಹಬ್ಬಕ್ಕೆ ಸೇರಿದ್ದ ಹುಡುಗಿಯರ ಮೈಮೇಲೆ ಕೈ ಮಾಡಿದಾಗ, ಸಂಸ್ಕೃತಿಯ ಗುತ್ತಿಗೆಯನ್ನು ಇವರಿಗೆ ಕೊಟ್ಟವರು ಯಾರು ಎಂದು ನಾವು ಕೇಳಿದೆವು. ಕೇಳಿದ್ದು ಸರಿ. 2022ರಲ್ಲಿ ಉಡುಪಿಯ ಕಾಲೇಜಿನ ಗೇಟಿನಲ್ಲಿ ಹಿಜಾಬ್ ಧರಿಸಿದ ಮಕ್ಕಳನ್ನು ತಡೆದಾಗ, ಏನು ಉಡಬೇಕೆಂಬುದು ಅವಳ ತೀರ್ಮಾನ, ಅದರ ನಡುವೆ ಬರಲು ನೀವು ಯಾರು ಎಂದೆವು. ಅದೂ ಸರಿ, ಇಂದಿಗೂ ಸರಿ. 'ಪ್ರಗಾಶ್' ಮಕ್ಕಳಿಗಾಗಿ ಕಣ್ಣೀರು ಸುರಿಸಿದ ಎಷ್ಟೋ ಮಂದಿ ಆ ಗೇಟಿನ ಬಳಿ ಕಾಣಿಸಲಿಲ್ಲ. ಅವರ ಲೆಕ್ಕವನ್ನು ಅವರೇ ಕೊಡಲಿ.

ನಮ್ಮ ಲೆಕ್ಕವನ್ನು ನಾವು ಕೊಡಬೇಕು. ಅವಳ ತಲೆವಸ್ತ್ರ ಅವಳ ತೀರ್ಮಾನ ಎಂದು ಹೈಕೋರ್ಟಿನ ತನಕ ಹೋಗಿ ಹೇಳುವ ನಾವು, ಅವಳ ಗಿಟಾರ್ ಮಾತ್ರ ಊರಿನ ತೀರ್ಮಾನ ಎನ್ನಲು ಬರುವುದಿಲ್ಲ. ನಮಗೆ ಇಷ್ಟವಾದದ್ದನ್ನು ಆರಿಸಿಕೊಂಡರೆ ಹಕ್ಕು, ಇಷ್ಟವಾಗದ್ದನ್ನು ಆರಿಸಿಕೊಂಡರೆ ಫಿತ್ನಾ ಎನ್ನುವುದಾದರೆ ನಾವು ಕಾಯುತ್ತಿರುವುದು ಹೆಣ್ಣುಮಕ್ಕಳ ಹಕ್ಕನ್ನಲ್ಲ, ನಮ್ಮ ಹಟವನ್ನು.

ನಾವು ಕೇಳುವುದು ದೊಡ್ಡದೇನಲ್ಲ. ಎಲ್ಲರೂ ಗಿಟಾರ್ ಕಲಿಯಿರಿ ಎಂದು ನಾವು ಹೇಳುತ್ತಿಲ್ಲ. ಸಂಗೀತವನ್ನು ಒಪ್ಪದ ಮೌಲವಿಗಳು ತಮ್ಮ ಅಭಿಪ್ರಾಯ ಬದಲಿಸಲಿ ಎಂದೂ ಕೇಳುತ್ತಿಲ್ಲ. ಮುಂದೊಂದು ದಿನ ನಮ್ಮ ಊರಿನ ಹುಡುಗಿಯೊಬ್ಬಳ ಫೋಟೋ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿ ಬೈಗುಳ ಶುರುವಾದಾಗ, ಅದರ ಮುಂದಿನ ಜುಮಾ ಖುತ್ಬಾದಲ್ಲಿ ಖತೀಬರು ಹಾಡಿನ ಮಾತಿಗೆ ಮೊದಲು ನಾಲಿಗೆಯ ಮಾತೆತ್ತಲಿ. ಅನ್ನೂರ್ ಅಧ್ಯಾಯವನ್ನು ಓದಿ, ಬೈದವನೇ ಮೊದಲ ಅಪರಾಧಿ ಎನ್ನಲಿ. ಜಮಾಅತಿನ ಹಿರಿಯರು ಆ ಹುಡುಗಿಯ ಮನೆಗೆ ಹೋಗಿ ಅವಳ ತಂದೆಯ ಪಕ್ಕ ಒಂದು ಗಳಿಗೆ ಕುಳಿತು ಬರಲಿ. ನಾವೂ ನೀವೂ ಆ ಸಂದೇಶವನ್ನು ಇನ್ನೊಬ್ಬರಿಗೆ ಕಳುಹಿಸದೆ ಅಳಿಸಿ, ಕಳುಹಿಸಿದವನಿಗೆ ತಪ್ಪೆಂದು ಹೇಳೋಣ. ಹಾಡು ಸರಿಯೋ ತಪ್ಪೋ ಎಂಬ ಚರ್ಚೆಯನ್ನು ಆಮೇಲೆ, ಆ ಮಗುವಿಗೆ ಭಯವಿಲ್ಲದ ದಿನ, ಅವಳೆದುರೇ ಕುಳಿತು ಮಾಡೋಣ.

ಶ್ರೀನಗರದ ಆ ಮೂವರು ಮಕ್ಕಳು ಈಗ ಮಕ್ಕಳಲ್ಲ. ಇಪ್ಪತ್ತೈದು ದಾಟಿದ ಹೆಂಗಸರು. ಹದಿನಾರರ ಪ್ರಾಯದಲ್ಲಿ ಅವರಲ್ಲೊಬ್ಬಳು ಕೇಳಿದ ಪ್ರಶ್ನೆ ಇಂದಿಗೂ ಹಾಗೇ ಉಳಿದಿದೆ. ಅದನ್ನು ಅವರ ಮುಖ ನೋಡಿ ಉತ್ತರಿಸುವ ಭಾಗ್ಯ ನಮಗಿಲ್ಲ. ನಮ್ಮ ಮನೆಯ ಮಗಳಿಗಾದರೂ ಉತ್ತರಿಸಬೇಡವೇ?